‘ತಡೆಯಬಹುದು ಮೇಡಂ’ ಅಂದರೆ ಹತ್ತಕ್ಕೆ ಎಷ್ಟು?

ನಾನು ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಯಾವ ಮಷೀನನ್ನು ಯಾವಾಗ ನಿಲ್ಲಿಸಬೇಕು, ಯಾವುದನ್ನು ಇನ್ನೂ ಸ್ವಲ್ಪ ದಿನ ದೂಡಬಹುದು, ಯಾವ ಸ್ಪೇರ್ ಮೊದಲೇ ತರಿಸಿಡಬೇಕು, ಇದೇ ದಿನದ ಕೆಲಸ. ಇನ್ನೂ ನೇರವಾಗಿ ಹೇಳಬೇಕೆಂದರೆ, ಸರಿಯಾಗಿ ಗೊತ್ತಿಲ್ಲದ ವಿಷಯದ ಕೆಳಗೆ ಗೊತ್ತಿರುವವರ ಹಾಗೆ ಸಹಿ ಹಾಕುವ ಕೆಲಸ.

ಕೆಲವು ವರ್ಷಗಳ ಹಿಂದೆ ಹಾಗೊಂದು ಸಹಿ ಹಾಕಿದೆ. ನಮ್ಮಲ್ಲಿ ತಂಪು ನೀರಿನ ಎರಡು ಪಂಪ್ ಇವೆ. ಒಂದು ಓಡುತ್ತಿರುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಓಡುತ್ತಿದ್ದ ಪಂಪಿನ ಬೇರಿಂಗ್ (ತಿರುಗುವ ದಂಡವನ್ನು ಹೊತ್ತಿರುವ ಭಾಗ) ಮೇಲೆ ವಾರಕ್ಕೊಮ್ಮೆ ವೈಬ್ರೇಷನ್ ಅಳೆಯುತ್ತಿದ್ದೆವು. ಅದುರುವುದು ಹೆಚ್ಚುತ್ತಿದ್ದರೆ ಬೇರಿಂಗ್ ಕೆಡುತ್ತಿದೆ ಅಂತ ಅನುಮಾನ. ಮೊದಲು ಸೆಕೆಂಡಿಗೆ 2.3 ಮಿ.ಮೀ. ಇತ್ತು. ಮುಂದಿನ ವಾರ 3.8. ಅದರ ಮುಂದಿನ ವಾರ 5.1. ಇಡೀ ಪ್ಲಾಂಟ್ ನಿಲ್ಲಿಸುವ ಶಟ್‌ಡೌನಿಗೆ ಇನ್ನೂ 19 ದಿನ ಇತ್ತು. ಈಗಲೇ ಬಿಚ್ಚಬೇಕಾ, ಇಲ್ಲ ಅಲ್ಲಿವರೆಗೂ ಓಡಿಸಬಹುದಾ?

ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯಿತು. ವೈಬ್ರೇಷನ್ ನೋಡುವ ಹುಡುಗ ‘ಓಡಿಸಬಹುದು’ ಅಂದ. ಶಿಫ್ಟ್ ಇನ್‌ಚಾರ್ಜ್ ‘ತಡೆಯಬಹುದು ಮೇಡಂ’ ಅಂದರು. ಹಿರಿಯ ಫಿಟ್ಟರ್ ಒಬ್ಬರಿದ್ದಾರೆ, ನನಗಿಂತ ಹತ್ತು ವರ್ಷ ಹೆಚ್ಚು ಸರ್ವಿಸ್. ಅವರು ‘ಹ್ಞೂಂ, ನೋಡೋಣ’ ಅಂದರು. ಎಲ್ಲರೂ ಒಪ್ಪಿದರಲ್ಲ ಅಂತ ನಾನು ಸಹಿ ಹಾಕಿದೆ.

ಹನ್ನೆರಡನೇ ದಿನ ರಾತ್ರಿ ಎರಡೂವರೆಗೆ ಫೋನ್ ಬಂತು. ಬೇರಿಂಗ್ ಜಾಮ್ ಆಗಿದೆ, ಆದರೆ ಸ್ಟ್ಯಾಂಡ್‌ಬೈ ತಾನಾಗೇ ಶುರುವಾಗಿದೆ ಅಂತ. ಸದ್ಯ ಅಂದುಕೊಂಡು ಮಲಗಿದೆ. ಮುಕ್ಕಾಲು ಗಂಟೆಗೆ ಮತ್ತೆ ಫೋನ್. ಸ್ಟ್ಯಾಂಡ್‌ಬೈ ಬೇರಿಂಗೂ ಕಾದು ಟ್ರಿಪ್ ಆಗಿತ್ತು. ಪ್ಲಾಂಟ್ 31 ಗಂಟೆ ನಿಂತಿತು. ಯಾರಿಗೂ ಏಟಾಗಲಿಲ್ಲ, ಅದೊಂದು ಪುಣ್ಯ.

ಬೈಗುಳದ ಮೀಟಿಂಗ್‌ಗಳೆಲ್ಲ ಮುಗಿದ ಮೇಲೆ, ಅವತ್ತು ಕೂತಿದ್ದವರನ್ನು ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದೆ. ‘ಅವತ್ತು ನೀವು ತಡೆಯಬಹುದು ಅಂದಿರಲ್ಲ, ಅಂಥ ಹತ್ತು ಪಂಪ್ ಇದ್ದಿದ್ದರೆ ಎಷ್ಟು ತಡೆಯುತ್ತವೆ ಅಂತ ಮನಸ್ಸಲ್ಲಿತ್ತು?’ ಶಿಫ್ಟ್ ಇನ್‌ಚಾರ್ಜ್ ಒಂಬತ್ತು ಅಂದರು. ಹುಡುಗ ಆರು ಅಂದ. ಹಿರಿಯ ಫಿಟ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧಕ್ಕರ್ಧ’ ಅಂದರು. ನನ್ನ ತಲೆಯಲ್ಲಿದ್ದದ್ದು ಒಂಬತ್ತು. ನಾವು ಒಪ್ಪಿಕೊಂಡದ್ದು ಬರೀ ಒಂದು ಪದವನ್ನು.

ಕನ್ನಡದಲ್ಲಿ ಈ ‘ಬಹುದು’ ಇನ್ನೂ ಒಂದು ಆಟ ಆಡುತ್ತದೆ. ‘ಮಳೆ ಬರಬಹುದು’ ಅಂದರೆ ಸಾಧ್ಯತೆ. ‘ನೀವು ಒಳಗೆ ಬರಬಹುದು’ ಅಂದರೆ ಅನುಮತಿ. ಪದ ಒಂದೇ. ಆ ಹುಡುಗ ‘ಓಡಿಸಬಹುದು’ ಅಂದದ್ದು ‘ಓಡಿದರೂ ಓಡೀತು’ ಅನ್ನುವ ಅರ್ಥದಲ್ಲಿ. ನಾನು ಕೇಳಿಸಿಕೊಂಡದ್ದು ‘ಧಾರಾಳವಾಗಿ ಓಡಿಸಿ’ ಅಂತ. ಈಗ ಯೋಚಿಸಿದರೆ ನಗು ಬರುತ್ತದೆ, ಅವತ್ತು ಬರಲಿಲ್ಲ.

ಇದು ನಮ್ಮ ಪ್ಲಾಂಟಿನ ಕಥೆ ಮಾತ್ರ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಯುಗೊಸ್ಲಾವಿಯದ ಮೇಲೆ ಸೋವಿಯತ್ ಬಣದ ದಾಳಿ ಆಗುವುದು ‘ಗಂಭೀರ ಸಾಧ್ಯತೆ’ ಅಂತ ಒಂದು ವರದಿ ಕೊಟ್ಟಿತ್ತು. ಹಾಗಂದರೆ ಎಷ್ಟು ಅಂತ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದರು. ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್, ನೂರಕ್ಕೆ 65 ಅಂದರು. ಕೇಳಿದವರಿಗೆ ಆಶ್ಚರ್ಯ, ಅವರು ಅದಕ್ಕಿಂತ ಎಷ್ಟೋ ಕಡಿಮೆ ಅಂದುಕೊಂಡಿದ್ದರು. ಕೆಂಟ್‌ಗೂ ಅನುಮಾನ ಬಂದು ತಮ್ಮ ಜೊತೆ ಆ ವರದಿ ಬರೆದವರನ್ನೇ ಕೇಳಿದರೆ, ಒಬ್ಬರದು 20, ಇನ್ನೊಬ್ಬರದು 80, ಉಳಿದವರು ನಡುವೆ ಎಲ್ಲೆಲ್ಲೋ. ಒಂದೇ ವಾಕ್ಯಕ್ಕೆ ಎಲ್ಲರೂ ತಲೆಯಾಡಿಸಿದ್ದರು. ಯುದ್ಧದ ವಿಷಯದಲ್ಲೇ ಹೀಗಾದರೆ ನಮ್ಮ ಪಂಪ್ ಯಾವ ಲೆಕ್ಕ.

ಇನ್ನು ಬೇರಿಂಗ್ ವಿಷಯ. ಕೆಟಲಾಗಿನಲ್ಲಿ ಒಂದು ಬೇರಿಂಗಿಗೆ 40,000 ಗಂಟೆ ಬಾಳಿಕೆ ಅಂತ ಇದ್ದರೆ, ಅಷ್ಟು ಗಂಟೆ ಓಡಿಯೇ ಓಡುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಾನೂ ಕೆಲಸಕ್ಕೆ ಸೇರಿದಾಗ ಹಾಗೇ ಅಂದುಕೊಂಡಿದ್ದೆ. ಅದು ಎಲ್10 ಬಾಳಿಕೆ. ಅಂದರೆ ಅಂಥದೇ ನೂರು ಬೇರಿಂಗನ್ನು ಒಂದೇ ರೀತಿ ಓಡಿಸಿದರೆ, ಅಷ್ಟು ಗಂಟೆ ಆಗುವ ಹೊತ್ತಿಗೆ ಹತ್ತು ಕೆಟ್ಟಿರುತ್ತವೆ, ತೊಂಬತ್ತು ಇನ್ನೂ ಓಡುತ್ತಿರುತ್ತವೆ. ನೂರರಲ್ಲಿ ಐವತ್ತು ಕೆಡುವ ಹೊತ್ತಿಗೆ ಸುಮಾರು ಐದು ಪಟ್ಟು ಕಾಲ ಆಗಿರುತ್ತದೆ. ಒಂದೇ ದಿನ, ಒಂದೇ ಲೈನಿನಲ್ಲಿ ತಯಾರಾದ ಎರಡು ಬೇರಿಂಗ್‌ಗಳ ನಡುವೆಯೂ ಇಷ್ಟೊಂದು ವ್ಯತ್ಯಾಸ ಇರುತ್ತದೆ. ತಯಾರು ಮಾಡಿದವರೇ ‘ಹತ್ತು ಕೆಡುತ್ತವೆ’ ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಾವು ಓದುವಾಗ ಆ ಹತ್ತನ್ನು ಬಿಟ್ಟು ಓದುತ್ತೇವೆ. ವೈಬ್ರೇಷನ್ನಿನ ಅಂತರರಾಷ್ಟ್ರೀಯ ಮಾನದಂಡವೂ ಅಷ್ಟೇ. ಮಷೀನುಗಳನ್ನು ಎ, ಬಿ, ಸಿ, ಡಿ ಅಂತ ನಾಲ್ಕು ವಲಯ ಮಾಡಿ, ಸಿ ವಲಯದಲ್ಲಿರುವುದನ್ನು ರಿಪೇರಿಗೆ ಅವಕಾಶ ಸಿಗುವವರೆಗೆ ‘ಸೀಮಿತ ಕಾಲ’ ಓಡಿಸಬಹುದು ಅನ್ನುತ್ತದೆ. ಸೀಮಿತ ಅಂದರೆ ಎಷ್ಟು ದಿನ? ಅದು ನಮಗೇ ಬಿಟ್ಟದ್ದು. ಅಲ್ಲೂ ಮತ್ತೆ ಅದೇ ‘ಬಹುದು’.

ನನ್ನ ನಿಜವಾದ ತಪ್ಪು ಮಾತ್ರ ಇಲ್ಲಿರಲಿಲ್ಲ, ಸ್ಟ್ಯಾಂಡ್‌ಬೈ ಪಂಪಿನಲ್ಲಿತ್ತು. ಸಹಿ ಹಾಕುವಾಗ ಮನಸ್ಸಲ್ಲೇ ಒಂದು ಲೆಕ್ಕ ಹಾಕಿದ್ದೆ. ಇದು ಕೆಡುವ ಸಾಧ್ಯತೆ ಹತ್ತರಲ್ಲಿ ಒಂದು, ಅದೂ ಕೈಕೊಡುವ ಸಾಧ್ಯತೆ ಹತ್ತರಲ್ಲಿ ಒಂದು, ಎರಡೂ ಒಟ್ಟಿಗೆ ಅಂದರೆ ನೂರರಲ್ಲಿ ಒಂದು. ಗುಣಾಕಾರ ಸರಿಯೇ. ಆದರೆ ಆ ಲೆಕ್ಕ ನಡೆಯುವುದು ಎರಡು ಪಂಪ್ ಕೆಡುವುದಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಮಾತ್ರ. ನಮ್ಮಲ್ಲಿ ಎರಡು ತಿಂಗಳ ಹಿಂದೆ ಗ್ರೀಸ್ ಬದಲಾಗಿತ್ತು. ಹಳೆಯ ಗ್ರೀಸನ್ನು ಪೂರ್ತಿ ತೆಗೆಯದೆ ಹೊಸದನ್ನು ತುಂಬಿದ್ದರು. ಎಲ್ಲ ಗ್ರೀಸೂ ನೋಡಲು ಒಂದೇ ಥರ, ಆದರೆ ಎಣ್ಣೆಯನ್ನು ಹಿಡಿದಿಡುವ ಸಾಬೂನಿನಂಥ ಅಂಶ ಒಂದೊಂದರಲ್ಲಿ ಒಂದೊಂದು. ಹೊಂದದ ಎರಡು ಸೇರಿದರೆ ಗ್ರೀಸ್ ಮೆತ್ತಗಾಗಿ ಬೇರಿಂಗಿನಿಂದ ಇಳಿದು ಹೋಗುತ್ತದೆ. ಎರಡು ಪಂಪಿಗೂ ಒಂದೇ ದಿನ, ಒಂದೇ ಗ್ರೀಸ್ ಗನ್ನಿನಿಂದ, ಒಬ್ಬನೇ ಮನುಷ್ಯ ತುಂಬಿದ್ದ. ಅಲ್ಲಿಗೆ ಎರಡು ಪಂಪ್ ಅಂತ ನಾನು ಎಣಿಸಿದ್ದು ಲೆಕ್ಕಕ್ಕೆ ಒಂದೇ ಪಂಪ್.

ಈಗ ಯಾರಾದರೂ ‘ಬ್ಯಾಕಪ್ ಇದೆ’ ಅಂದರೆ ನನ್ನ ಮೊದಲ ಪ್ರಶ್ನೆ, ಎರಡಕ್ಕೂ ಸಮಾನವಾಗಿ ಏನೇನಿದೆ? ಒಂದೇ ಕರೆಂಟ್ ಲೈನಾ, ಒಂದೇ ಸಪ್ಲೈಯರಾ, ಒಬ್ಬನೇ ಕೆಲಸಗಾರನಾ, ಒಂದೇ ಪಾಸ್‌ವರ್ಡಾ? ಪಂಪಿಗೆ ಮಾತ್ರ ಅಲ್ಲ, ಯಾವ ಕೆಲಸಕ್ಕೂ ಕೇಳಬಹುದು. (ಈ ‘ಬಹುದು’ ಅನುಮತಿಯ ಬಹುದು.)

‘ಹಾಗಾದರೆ ಅವತ್ತೇ ನಿಲ್ಲಿಸಿ ಬದಲಾಯಿಸಬೇಕಿತ್ತು ಅಲ್ವಾ’ ಅಂತ ಆಮೇಲೆ ಎಲ್ಲರೂ ಹೇಳಿದರು. ಅದೂ ಅಷ್ಟು ಸುಲಭ ಅಲ್ಲ. ಬಿಚ್ಚಿದರೆ ರಿಸ್ಕ್ ಮುಗಿಯಿತು ಅಂತ ಇಲ್ಲ, ಬೇರೆ ರಿಸ್ಕ್ ಶುರುವಾಗುತ್ತದೆ. ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಎಂಬ ಇಬ್ಬರು ಎಂಜಿನಿಯರ್‌ಗಳು 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ನಮ್ಮ ಕ್ಷೇತ್ರದಲ್ಲಿ ಪ್ರಸಿದ್ಧ. ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುತ್ತಾ ಹೋದದ್ದು ಶೇ. 11ರಷ್ಟರಲ್ಲಿ ಮಾತ್ರ. ಶೇ. 68ರಷ್ಟರಲ್ಲಿ ಹಾಕಿದ ಹೊಸದರಲ್ಲೇ ತೊಂದರೆ ಜಾಸ್ತಿ, ಆಮೇಲೆ ಕಡಿಮೆಯಾಗುತ್ತದೆ. ನಾನೂ ನೋಡಿದ್ದೇನೆ, ಚೆನ್ನಾಗಿದ್ದ ಮಷೀನನ್ನು ‘ಸುಮ್ನೆ ಒಂದ್ಸಲ ನೋಡೋಣ’ ಅಂತ ಬಿಚ್ಚಿ, ಜೋಡಿಸುವಾಗ ಅಲೈನ್‌ಮೆಂಟ್ ತಪ್ಪಿ, ಮೂರನೇ ದಿನಕ್ಕೆ ಮತ್ತೆ ಬಿಚ್ಚಿದ್ದನ್ನು. ಹಾಗಾಗಿ ಓಡಿಸುವ ನಿರ್ಧಾರವೇ ತಪ್ಪಿತ್ತು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಏನನ್ನೂ ಕೇಳದೆ ಓಡಿಸಿದ್ದು ತಪ್ಪು.

ಕೇಳಬೇಕಾದ್ದು ಏನಿತ್ತು? 1921ರಲ್ಲೇ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ರಿಸ್ಕ್ ಬೇರೆ, ಅನಿಶ್ಚಿತತೆ ಬೇರೆ ಅಂತ ಗೆರೆ ಎಳೆದಿದ್ದರು. ದಾಳ ಹಾಕುವಾಗ ಆರು ಬೀಳುವ ಸಾಧ್ಯತೆ ಎಷ್ಟು ಅಂತ ಗೊತ್ತು, ಅದು ರಿಸ್ಕ್. ದಾಳಕ್ಕೆ ಎಷ್ಟು ಮುಖ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಅದು ಅನಿಶ್ಚಿತತೆ. ಬೇರಿಂಗ್ ಸವೆಯುವುದಕ್ಕೆ ನಮ್ಮ ಹತ್ತಿರ ವರ್ಷಗಳ ದಾಖಲೆ ಇದೆ. ಹೊಸ ಗ್ರೀಸಿಗೆ ಏನೂ ಇರಲಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ‘ತಡೆಯಬಹುದು’ ಅಂತ ಬಾಯಿ ಕಟ್ಟಿಬಿಟ್ಟೆವು. ಮೊದಲನೆಯದಕ್ಕೆ ನಂಬರ್ ಕೇಳಬೇಕಿತ್ತು. ಎರಡನೆಯದಕ್ಕೆ ನಂಬರ್ ಕೇಳಿದರೆ ಸುಳ್ಳೇ ಬರುವುದು. ಅಲ್ಲಿ ಮಾಡಬೇಕಿದ್ದದ್ದು, ತಪ್ಪಾದರೆ ನಷ್ಟ ಸಣ್ಣದಾಗುವ ಹಾಗೆ ನೋಡಿಕೊಳ್ಳುವುದು. ವಾರಕ್ಕೊಮ್ಮೆ ಬದಲು ಶಿಫ್ಟಿಗೊಮ್ಮೆ ಅಳೆಯುವುದು, ಸ್ಟ್ಯಾಂಡ್‌ಬೈಯನ್ನು ಹಗಲಲ್ಲಿ ಎಲ್ಲರೂ ಇರುವಾಗ ನಾಲ್ಕು ಗಂಟೆ ಓಡಿಸಿ ನೋಡುವುದು, ಬೇರಿಂಗ್ ಸ್ಟೋರಿನಲ್ಲಿ ಇದೆಯಾ ಅಂತ ಕಂಪ್ಯೂಟರಿನಲ್ಲಲ್ಲ, ರ‍್ಯಾಕಿನಲ್ಲೇ ಹೋಗಿ ನೋಡುವುದು. ಮತ್ತೆ ಒಂದು ಗೆರೆ ಹಾಕಿಡುವುದು: ರೀಡಿಂಗ್ 7 ದಾಟಿದರೆ ಯಾರನ್ನೂ ಕೇಳದೆ ನಿಲ್ಲಿಸಿ ಅಂತ. ಈ ಗೆರೆಯನ್ನು ತಲೆ ತಣ್ಣಗಿರುವಾಗಲೇ ಹಾಕಬೇಕು. ರಾತ್ರಿ ಎರಡೂವರೆಗೆ ಯಾರಿಗೂ ನಿಲ್ಲಿಸುವ ಧೈರ್ಯ ಬರುವುದಿಲ್ಲ, ಇನ್ನೊಂದು ಗಂಟೆ ನೋಡೋಣ ಅಂತಲೇ ಅನಿಸುತ್ತದೆ. ಸ್ಟ್ಯಾಂಡ್‌ಬೈ ಓಡಿಸಿ ನೋಡಿದ್ದರೆ ಗ್ರೀಸಿನ ಕಥೆ ಹಗಲಲ್ಲೇ ಬಯಲಾಗುತ್ತಿತ್ತು.

ನಂಬರ್ ಕೇಳಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ಷಟಲ್ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ನಾಶವಾಗುವ ಸಾಧ್ಯತೆ ಎಷ್ಟು ಅಂತ ಕೇಳಿದಾಗ ಕೆಲಸ ಮಾಡುವ ಎಂಜಿನಿಯರ್‌ಗಳಿಂದ ಸುಮಾರು ನೂರರಲ್ಲಿ ಒಂದು ಅಂತ ಉತ್ತರ ಬಂತು, ಆಡಳಿತದವರಿಂದ ಲಕ್ಷದಲ್ಲಿ ಒಂದು ಅಂತ. ಲಕ್ಷದಲ್ಲಿ ಒಂದು ಅಂದರೆ ದಿನಕ್ಕೊಂದರಂತೆ 300 ವರ್ಷ ಹಾರಿಸಿ ಒಂದನ್ನು ಕಳೆದುಕೊಂಡ ಹಾಗೆ ಅಂತ ಫೈನ್‌ಮನ್ ಬರೆದರು. ಕೊನೆಗೆ ಷಟಲ್‌ಗಳು ಹಾರಿದ್ದು 135 ಸಲ, ಕಳೆದುಕೊಂಡದ್ದು ಎರಡು. ಮೇಲಿನವರಿಗೂ ನಂಬರ್ ಇತ್ತು ನೋಡಿ, ಆದರೆ ಅದು ಬೇಕಾದ ಉತ್ತರಕ್ಕೆ ಹೊಂದಿಸಿದ ನಂಬರ್. ಅದಕ್ಕೇ ನಾನೀಗ ‘ಎಷ್ಟು’ ಅಂತ ಕೇಳಿದ ಕೂಡಲೇ ‘ಅದು ಎಲ್ಲಿಂದ ಬಂತು’ ಅಂತಲೂ ಕೇಳುತ್ತೇನೆ. ‘ಹೋದ ಸಲ ಏನೂ ಆಗಲಿಲ್ಲ ಮೇಡಂ’ ಅನ್ನುವುದು ಉತ್ತರ ಅಲ್ಲ. ಈ ಪಂಪಿಗಿಂತ ಮುಂಚೆ ಹೀಗೇ ಏನೂ ಕೇಳದೆ ನಾಲ್ಕು ಸಲ ಸಹಿ ಹಾಕಿದ್ದೆ, ನಾಲ್ಕು ಸಲವೂ ಮಷೀನ್ ತಡೆದಿತ್ತು, ಒಂದು ಸಲ ಮೀಟಿಂಗಿನಲ್ಲಿ ಶಹಬ್ಬಾಸ್ ಕೂಡ ಸಿಕ್ಕಿತ್ತು. ಐದೂ ಒಂದೇ ಥರದ ನಿರ್ಧಾರ. ಕೆಟ್ಟ ಹೆಸರು ಬಂದದ್ದು ಒಂದಕ್ಕೆ.

ಈಗ ನಮ್ಮ ವಿಭಾಗದಲ್ಲಿ ಒಂದು ನೋಟ್‌ಬುಕ್ ಇದೆ. ಇಂಥ ನಿರ್ಧಾರ ಆದಾಗಲೆಲ್ಲ ಪ್ರತಿಯೊಬ್ಬರೂ ಬೇರೆಯವರದನ್ನು ನೋಡದೆ ಹತ್ತಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಬಾಯಲ್ಲಿ ಕೇಳಿದರೆ ಮೊದಲು ಮಾತಾಡಿದ ದೊಡ್ಡವರ ನಂಬರಿನ ಸುತ್ತವೇ ಉಳಿದವರದೂ ಸುತ್ತುತ್ತದೆ. ಎಲ್ಲವನ್ನೂ ನೋಟ್‌ಬುಕ್ಕಿಗೆ ಹತ್ತಿಸಿ, ಏನಾಯಿತು ಅಂತ ಪಕ್ಕದಲ್ಲಿ ಆಮೇಲೆ ಬರೆಯುತ್ತೇವೆ. ಇದರಲ್ಲಿ ಹೊಸದೇನಿಲ್ಲ. ಹವಾಮಾನ ಹೇಳುವವರನ್ನು ಹೀಗೆ ಅಳೆಯುವ ಲೆಕ್ಕವನ್ನು ಗ್ಲೆನ್ ಬ್ರಯರ್ 1950ರಲ್ಲೇ ಕೊಟ್ಟಿದ್ದಾರೆ. ಹೇಳಿದ ಸಾಧ್ಯತೆಗೂ ಆದದ್ದಕ್ಕೂ (ಆಗಿದ್ದರೆ 1, ಆಗದಿದ್ದರೆ 0) ಇರುವ ವ್ಯತ್ಯಾಸವನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಆಯಿತು. ಕಡಿಮೆ ಬಂದಷ್ಟೂ ಒಳ್ಳೆಯದು. ನೂರಕ್ಕೆ ನೂರು ಅಂತ ಹೇಳಿ ತಪ್ಪಿದವರಿಗೆ ಸಿಗುವ ಏಟು, ಅರವತ್ತು ಅಂತ ಹೇಳಿ ತಪ್ಪಿದವರಿಗೆ ಸಿಗುವುದಕ್ಕಿಂತ ಎಷ್ಟೋ ಜೋರು.

ನನ್ನ ಲೆಕ್ಕ ನೋಡಿ ನನಗೇ ನಾಚಿಕೆಯಾಯಿತು. ಹತ್ತಕ್ಕೆ ಒಂಬತ್ತು ಅಂತ ನಾನು ಬರೆದದ್ದು 22 ಸಲ, ತಡೆದದ್ದು 15 ಸಲ. ಎಲ್ಲರಿಗಿಂತ ಚೆನ್ನಾಗಿರುವುದು ಹಿರಿಯ ಫಿಟ್ಟರ್ ಲೆಕ್ಕ. ‘ಈ ನಂಬರ್ ಗಿಂಬರ್ ನಮಗ್ಯಾಕೆ ಮೇಡಂ, ಬೇರಿಂಗ್ ಮೇಲೆ ಕೈಯಿಟ್ಟರೆ ಗೊತ್ತಾಗುತ್ತೆ’ ಅಂತ ಮೊದಲ ಆರು ತಿಂಗಳು ಚೀಟಿ ಖಾಲಿ ಕೊಡುತ್ತಿದ್ದವರು ಅವರೇ. ಹೋದ ತಿಂಗಳು ಒಂದು ಕಂಪ್ರೆಸರ್ ವಿಷಯ ಬಂತು. ನಾನು ಯೋಚನೆ ಮಾಡಿ ಒಂಬತ್ತು ಅಂತ ಬರೆದೆ. ಚೀಟಿಗಳನ್ನೆಲ್ಲ ಬಿಚ್ಚಿದ ಮೇಲೆ ನನ್ನದನ್ನು ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, ‘ನಿಮ್ಮ ಒಂಬತ್ತು ಅಂದ್ರೆ ನಮ್ಮ ಲೆಕ್ಕದಲ್ಲಿ ಏಳು ಮೇಡಂ. ಸ್ಪೇರ್ ರೆಡಿ ಮಾಡಿಸಿ.’

ಸ್ಟೋರಿಗೆ ನಾನೇ ಹೋಗಿ ರ‍್ಯಾಕ್ ನೋಡಿ ಬಂದೆ.