ಕರಿಯನ ತೆರಿಗೆ

ಮೊನ್ನೆ ಬರ್ಲಿನ್ನಿನ ಟೆಂಪೆಲ್‌ಹೋಫ್ ಮೈದಾನದಲ್ಲಿ ನನ್ನ ನಾಯಿ ಚಿನ್ನಿಯನ್ನು ಬೇಲಿಯೊಳಗೆ ಓಡಲು ಬಿಟ್ಟು ಕುಳಿತಿದ್ದೆ. 2008ರಲ್ಲಿ ವಿಮಾನ ನಿಲ್ದಾಣ ಮುಚ್ಚಿದ ಮೇಲೆ ಜನರಿಗೆ ಬಿಟ್ಟುಕೊಟ್ಟ ಆ ಬಯಲಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗಗಳಿವೆ. ಜೊತೆಗೆ ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯಿದ್ದಳು. ಅಮ್ಮ ಮದ್ದೂರಿನಿಂದ ಕಳುಹಿಸಿದ್ದ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿದೆ: ನಮ್ಮ ಜಗಲಿಯ ಮೇಲೆ ಕರಿಯ ಕಾಲು ಚಾಚಿ ಮಲಗಿದ್ದಾನೆ.

"ನಿಮ್ಮ ಅಮ್ಮನ ನಾಯಿಯೇ?"

"ಅಲ್ಲ, ಬೀದಿಯದು."

ಸ್ವಲ್ಪ ಯೋಚಿಸಿ ಕೇಳಿದಳು, "ಹಾಗಾದರೆ ಅದರ ತೆರಿಗೆ ಯಾರು ಕಟ್ಟುತ್ತಾರೆ?"

ಅವಳು ಕೇಳಿದ್ದು ಸಹಜವೇ. ಇಲ್ಲಿ ನಾಯಿ ಸಾಕಿದವರು ವರ್ಷಕ್ಕೆ 120 ಯೂರೊ ತೆರಿಗೆ ಕಟ್ಟಬೇಕು. ನಾಯಿಯ ಚರ್ಮದಡಿ ಚಿಪ್ ಇರಬೇಕು, ಅದು ಯಾರಿಗಾದರೂ ಹಾನಿ ಮಾಡಿದರೆ ನಷ್ಟ ತುಂಬಲು ವಿಮೆ ಇರಬೇಕು. ಅದನ್ನು ಸಾಕಷ್ಟು ಹೊತ್ತು ಹೊರಗೆ ಓಡಾಡಿಸಬೇಕೆಂದು ದೇಶಕ್ಕೇ ನಿಯಮವಿದೆ. ಯಾರಿಗೂ ಸೇರದ ನಾಯಿಯನ್ನು ಆ ಮಗು ಕಂಡೇ ಇಲ್ಲ.

ಕರಿಯನ ದಿನಚರಿ ಹೇಳಿದೆ. ಬೆಳಿಗ್ಗೆ ನಮ್ಮ ಮನೆಯ ಮುದ್ದೆ, ಮಧ್ಯಾಹ್ನ ಹಿಟ್ಟಿನ ಗಿರಣಿಯ ನೆರಳು, ರಾತ್ರಿ ಚಹಾ ಅಂಗಡಿಯ ಬೆಂಚಿನ ಕೆಳಗೆ ನಿದ್ದೆ. ಅವಳ ಕಣ್ಣು ಅರಳಿತು. "ಅಷ್ಟೊಂದು ಮನೆಗಳೇ!" ನನಗೂ ಹೆಮ್ಮೆಯಾಯಿತು. ನಾನು ಕಚೇರಿಯಿಂದ ಬರುವವರೆಗೆ ಬಾಗಿಲು ನೋಡುತ್ತ ಕೂರುವ ಚಿನ್ನಿಗೆ ಆ ಭಾಗ್ಯವಿಲ್ಲ.

ಆದರೆ ಮುಂದಿನದನ್ನು ಅವಳಿಗೆ ಹೇಳಲಿಲ್ಲ. ಹೋದ ವರ್ಷ ಗಾಡಿಯೊಂದು ಹಾಯ್ದು ಕರಿಯನ ಹಿಂಗಾಲು ಮುರಿದಾಗ ಅವನಿಗೆ ಅನ್ನ ಹಾಕುತ್ತಿದ್ದವರೆಲ್ಲ ಮರುಗಿದರು, ಆಸ್ಪತ್ರೆಗೆ ಒಯ್ದವರಿಲ್ಲ. ನಮ್ಮ ಬೀದಿಯ ಮಗುವಿಗೆ ಇನ್ನೊಂದು ನಾಯಿ ಕಚ್ಚಿದಾಗ ಅದು ಯಾರ ನಾಯಿಯೂ ಆಗಿರಲಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಚುಚ್ಚುಮದ್ದಿಗಾಗಿ ಊರೂರು ಅಲೆದಳು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಇಂಥ ವಿಷಯದಲ್ಲಿ ಇಡೀ ಬೀದಿಯ ಪ್ರೀತಿ ಸಾಕಾಗುವುದಿಲ್ಲ, ಹೆಸರು ಹಿಡಿದು ಕೇಳಬಹುದಾದ ಒಬ್ಬರು ಬೇಕು.

ನಮ್ಮ ತಾಲ್ಲೂಕಿನ ಆತಕೂರಿನ ಶಾಸನ ನೆನಪಾದದ್ದು ಆಗ. ರಾಷ್ಟ್ರಕೂಟರು ಚೋಳರೊಡನೆ ಮಾಡಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ತನ್ನ ಒಡೆಯ, ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ, ಕ್ರಿ.ಶ. 950ರ ಸುಮಾರಿಗೆ, ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಅಷ್ಟಕ್ಕೇ ನಿಲ್ಲಿಸದೆ, ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುವುದೆಂದೂ ಕೆತ್ತಿಸಿದ. ಸತ್ತ ನಾಯಿಯ ಹೊಣೆಯನ್ನೂ ಒಬ್ಬರ ತಲೆಗೆ ಕಟ್ಟಿದ ನಾಡು ನಮ್ಮದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮನೆಗೆ ನಡೆಯುತ್ತ ಹುಡುಗಿಗೆ ಈ ಕಥೆ ಹೇಳಿದೆ. "ಹಂದಿಯೂ ಸತ್ತಿತೇ?" ಎಂದಳು. ಹೌದು, ಕಲ್ಲಿನಲ್ಲಿ ಅದರ ಚಿತ್ರವೂ ಇದೆ ಎಂದಾಗ ಸಮಾಧಾನಗೊಂಡಳು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕರಿಯನಿಗೆ ಲಸಿಕೆ ಹಾಕಿಸೋಣ, ದುಡ್ಡು ಕಳುಹಿಸುತ್ತೇನೆ ಎಂದೆ. ಗಿರಣಿಯವರನ್ನು ಕೇಳಿ ನೋಡುತ್ತೇನೆ ಎಂದರು. ಮರುದಿನ ಅವರಿಂದಲೇ ಫೋನ್ ಬಂತು: ಅರ್ಧ ಖರ್ಚು ಗಿರಣಿಯವರದಂತೆ, ಪಶು ಆಸ್ಪತ್ರೆಗೆ ಆಟೊದಲ್ಲಿ ಕರೆದೊಯ್ಯಲು ಚಹಾ ಅಂಗಡಿಯ ಹುಡುಗ ಒಪ್ಪಿದ್ದಾನಂತೆ. ಚೀಟಿಯಲ್ಲಿ ಮಾಲೀಕರ ಹೆಸರು ಕೇಳಿದರೆ ಏನು ಬರೆಸಲಿ ಎಂದು ಅಮ್ಮ ಕೇಳಿದರು. ನಿಮ್ಮದನ್ನೇ ಬರೆಸಿ ಎಂದೆ.