ತೆನೆ ಮುರಿಯುವ ತಿಂಗಳಲ್ಲಿ ಮನಸ್ಸಿನ ಮಾತು

ಹೆಣ್ಣುಮಕ್ಕಳ ಮಾನಸಿಕ ಆರೋಗ್ಯದ ಅಧ್ಯಯನಕ್ಕೆ ವೇಳಾಪಟ್ಟಿ ಬರೆಯುವಾಗ ಒಬ್ಬರಿಗೆ ಮುಕ್ಕಾಲು ಗಂಟೆ, ದಿನಕ್ಕೆ ಐದಾರು ಮಂದಿ ಎಂದು ಲೆಕ್ಕ ಹಾಕುವುದು ರೂಢಿ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಳೆದ ಒಂದು ದಿನ ನನಗೆ ಬೇರೆಯೇ ಲೆಕ್ಕ ಕಲಿಸಿತು.

ಆಗ ನವೆಂಬರ್. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ತೆನೆ ಮುರಿಯುವ ಕಾಲ. ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರು: "ಒಂಬತ್ತಕ್ಕೆ ಬಂದ್ರೆ ಬಾಗಿಲಿಗೆ ಬೀಗ ಇರುತ್ತೆ ಮೇಡಂ. ಏಳರೊಳಗೆ ಬನ್ನಿ, ಇಲ್ಲಾಂದ್ರೆ ಸಂಜೆ ಬನ್ನಿ." ಏಳರೊಳಗೆ ಅಂದರೆ ರೊಟ್ಟಿ ಬಡಿಯುವ ಹೊತ್ತು. ಸಂಜೆ ಅಂದರೆ ಗಂಡ, ಅತ್ತೆ, ಮಕ್ಕಳು ಎಲ್ಲರೂ ಮನೆಯಲ್ಲಿರುವ ಹೊತ್ತು. ಅವರೆಲ್ಲರ ಎದುರು ಮನಸ್ಸಿನ ಮಾತು ಕೇಳಲಾಗುತ್ತಾ?

ನಮ್ಮ ಕೈಯಲ್ಲಿದ್ದದ್ದು ಪಿಎಚ್‌ಕ್ಯೂ-9. ಖಿನ್ನತೆಯ ಲಕ್ಷಣ ಇದೆಯಾ ಎಂದು ಅಂದಾಜಿಸುವ ಪ್ರಶ್ನಾವಳಿ, ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಕೆಟ್ಟಿದೆಯಾ, ಸುಸ್ತಾಗುತ್ತಾ, ಯಾವುದರಲ್ಲೂ ಆಸಕ್ತಿ ಇಲ್ಲವಾ ಎಂದು ಕೇಳುತ್ತದೆ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ವಿಚಾರಿಸಬೇಕು. ಓದಿ ಗುರುತು ಹಾಕಲು ಹತ್ತು ನಿಮಿಷ ಸಾಕು. ಆದರೆ ಕೊಯ್ಲಿನಲ್ಲಿ ಸುಸ್ತಾಗದ ಹೆಂಗಸು ಯಾರು? ನಿದ್ದೆ ಹೋದದ್ದು ದುಡಿತದಿಂದಲೋ ದುಃಖದಿಂದಲೋ ತಿಳಿಯಬೇಕಾದರೆ ಕೂತು ಮಾತಾಡಬೇಕು. ಪ್ರಶ್ನೆ ಎರಡು ವಾರದ್ದಾದ್ದರಿಂದ, ಯಾವ ಎರಡು ವಾರ ಎನ್ನುವುದೇ ಉತ್ತರವನ್ನು ಬದಲಿಸಿಬಿಡುತ್ತದೆ.

ಅವತ್ತು ಕೂಲಿಗೆ ಹೋಗದೆ ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಮಾತಾಡಲು ಒಪ್ಪಿದರು. ಅತ್ತೆ ಪಕ್ಕದಲ್ಲೇ ಕೂತರು. ನನ್ನ ಜೊತೆಗಿದ್ದ ಹುಡುಗಿ ಅತ್ತೆಯನ್ನು ಕಟ್ಟೆಗೆ ಕರೆದುಕೊಂಡು ಹೋಗಿ ಮಂಡಿನೋವು, ಬಿಪಿ ಮಾತ್ರೆ ಅಂತ ವಿಚಾರಿಸತೊಡಗಿದಳು. ಅದೂ ಸುಮ್ನೆ ಆಗುವ ಕೆಲಸವಲ್ಲ, ಅದಕ್ಕೂ ಒಬ್ಬರು ಬೇಕು, ಹೊತ್ತು ಬೇಕು.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. "ಒಮ್ಮೊಮ್ಮೆ ಬರ್ತದೆ" ಎಂದರು. ಹಾಳೆ ಪಕ್ಕಕ್ಕಿಟ್ಟೆ. ಆ ಯೋಚನೆ ಎಷ್ಟು ದೂರ ಹೋಗಿದೆ, ಯಾರ ಹತ್ತಿರವಾದರೂ ಹೇಳಿಕೊಂಡಿದ್ದಾರಾ ಎಂದು ನಿಧಾನವಾಗಿ ಕೇಳಿದೆ. ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ, ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಆದರೆ ಮನೆಯಲ್ಲಿರುವ ಒಂದೇ ಮೊಬೈಲ್ ಗಂಡನ ಜೇಬಿನಲ್ಲಿತ್ತು. ಆಕೆ ಒಪ್ಪಿದ ಮೇಲೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋಗುವ ದಿನ ಗೊತ್ತು ಮಾಡಿದೆವು. ಆಕೆಯ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲಾರೆ. ಅವತ್ತಿನ ಉಳಿದ ಮನೆಗಳನ್ನು ಮುಂದಕ್ಕೆ ಹಾಕಿದೆವು. ಜೊತೆಗಿದ್ದ ಹುಡುಗಿಗೂ ಸಂಜೆ ಮಾತಾಡಲು ಯಾರಾದರೂ ಬೇಕಿತ್ತು.

ಈಗ ನಾನು ಮೊದಲು ನೋಡುವುದು ಊರಿನ ಕ್ಯಾಲೆಂಡರ್. ಜೂನ್ ಆಸುಪಾಸು ಬಿತ್ತನೆ, ಆಮೇಲೆ ಕಳೆ, ಅಕ್ಟೋಬರ್–ನವೆಂಬರ್ ಕೊಯ್ಲು. ಏಪ್ರಿಲ್, ಮೇ ಮದುವೆಗಳ ಕಾಲ. ಸಂಕ್ರಾಂತಿಯಿಂದ ಯುಗಾದಿವರೆಗೆ ಸ್ವಲ್ಪ ಬಿಡುವು ಸಿಗಬಹುದು, ಅದರಲ್ಲೂ ಊರಜಾತ್ರೆಯ ವಾರ ಬಿಡಬೇಕು. ಅಧ್ಯಯನದಿಂದ ಜನರಿಗೆ ತೊಂದರೆಯಾಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆಗೆ ಹಿಡಿಯುವ ತಿಂಗಳುಗಳು ಇದಕ್ಕೂ ಮೊದಲೇ ಸೇರಬೇಕು, ಅಲ್ವಾ? ಬಿಡುವಿನ ತಿಂಗಳಲ್ಲಷ್ಟೇ ಕೇಳಿದರೆ ಕೊಯ್ಲಿನ ಸಂಕಟ ಕಾಣಿಸುವುದಿಲ್ಲ. ಅದಕ್ಕೇ ಸಾಧ್ಯವಾದರೆ ಎರಡು ಕಾಲಕ್ಕೂ ಹೋಗಬೇಕು ಎನ್ನುತ್ತೇನೆ.

ಪ್ರತಿ ಹಳ್ಳಿಗೂ ಹೊಸ ಸಂದರ್ಶನವಿಲ್ಲದ ಕೆಲವು ದಿನಗಳನ್ನು ಇಡುತ್ತೇನೆ. ಕಷ್ಟ ಹೇಳಿಕೊಂಡವರನ್ನು ಮತ್ತೆ ಹೋಗಿ ನೋಡಲು, ಅವರು ಆಸ್ಪತ್ರೆ ಮುಟ್ಟಿದರಾ ಎಂದು ತಿಳಿಯಲು. ಅವಧಿ ಜಾಸ್ತಿಯಾಯಿತು, ಕಡಿಮೆ ಮಾಡಿ ಎಂದು ಹಣ ಕೊಡುವವರು ಹೇಳಿದರೆ ಹಳ್ಳಿಗಳ ಸಂಖ್ಯೆ ಇಳಿಸುತ್ತೇನೆ. ಆ ದಿನಗಳನ್ನು ಮುಟ್ಟುವುದಿಲ್ಲ.