ಆಂಬುಲೆನ್ಸ್ ಕೊಡ್ತೀವಿ ಅಂದವರಿಗೆ ಟ್ರಾಲಿ ಕೊಡಿ ಅಂದ ಕಥೆ

ನಮ್ಮ ಟ್ರಸ್ಟಿಗೆ ಫೋನ್ ಮಾಡುವ ದಾನಿಗಳಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: "ಒಂದು ಆಂಬುಲೆನ್ಸ್‌ಗೆ ಎಷ್ಟಾಗುತ್ತೆ?" ಕೆಲವರಿಗೆ ತೀರಿಕೊಂಡ ಅಮ್ಮನ ಹೆಸರಲ್ಲಿ ಕೊಡಬೇಕು ಅಂತಿರುತ್ತದೆ. ಇನ್ನು ಕೆಲವು ಕಂಪನಿಗಳಿಗೆ ಸಿಎಸ್‌ಆರ್ ದುಡ್ಡು (ಲಾಭದಲ್ಲಿ ಸಮಾಜಕ್ಕೆ ಅಂತ ಎತ್ತಿಡಬೇಕಾದದ್ದು) ಮಾರ್ಚ್ ಮುಗಿಯೋದರೊಳಗೆ ಖರ್ಚಾಗಬೇಕಿರುತ್ತದೆ. ಉದ್ದೇಶ ಒಳ್ಳೇದೇ. ವ್ಯಾನ್ ಬರುತ್ತದೆ, ಹಾರ ಹಾಕುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ, ಫೋಟೊ ಆಗುತ್ತದೆ. ಆ ಫೋಟೊದಲ್ಲಿ ಡೀಸೆಲ್ ಕಾಣಲ್ಲ, ರಾತ್ರಿ ಪಾಳಿಯವರ ಸಂಬಳವೂ ಕಾಣಲ್ಲ.

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಚಿಕ್ಕ ಚಾರಿಟಬಲ್ ಟ್ರಸ್ಟಿನಲ್ಲಿ. ನಮ್ಮದು ಅಂತ ಒಂದೂ ಆಂಬುಲೆನ್ಸ್ ಇಲ್ಲ. ಓಡಿಸುವವರ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ. ಇಎಂಟಿಗಳಿಗೆ (ವ್ಯಾನಿನಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ) ತರಬೇತಿ, ಉಪಕರಣ, ರಿಪೇರಿ, ಒಮ್ಮೊಮ್ಮೆ ಬರೀ ಟೈರು. ಕರ್ನಾಟಕದಲ್ಲಿ ಸರ್ಕಾರದ 108 ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ. ಅದರ ಜೊತೆಗೆ ಆಸ್ಪತ್ರೆಗಳ ವ್ಯಾನು, ಖಾಸಗಿ ವ್ಯಾನು, ಸಂಘ ಸಂಸ್ಥೆಗಳ ವ್ಯಾನು ಅಂತ ಊರ ತುಂಬ ಇವೆ. ನಾವು ಹೆಚ್ಚಾಗಿ ಇರುವುದು ಈ ಕೊನೆಯವರ ಜೊತೆ, ಬಡವರಿಂದ ದುಡ್ಡು ತಗೊಳ್ಳದೆ ಓಡಿಸುವವರ ಜೊತೆ.

ದಾನಿಗಳ ಮುಂದೆ ನಾನು ಮೊದಲು ಇಡುವುದು ಜನರ ಲೆಕ್ಕ. ಒಂದು ವ್ಯಾನಿಗೆ ಒಬ್ಬ ಪೈಲಟ್ ಬೇಕು (ಡ್ರೈವರಿಗೆ ನಮ್ಮ ಕಡೆ ಹಾಗೇ ಅನ್ನೋದು), ಒಬ್ಬ ಇಎಂಟಿ ಬೇಕು. 12 ಗಂಟೆಯ ಎರಡು ಪಾಳಿ ಹಿಡಿದರೂ ನಾಲ್ಕು ಜನ. ವಾರದ ರಜೆ, ಹುಷಾರಿಲ್ಲದ ದಿನ, ಊರಿನ ಜಾತ್ರೆ ಎಲ್ಲ ಸೇರಿದರೆ ಐದಾರು. ಪಾಳಿಯನ್ನು 8 ಗಂಟೆಗೆ ಇಳಿಸಿದರೆ ಎಂಟು ಜನರಾದರೂ ಬೇಕು, ಮತ್ತು ನನ್ನನ್ನು ಕೇಳಿದರೆ 8 ಗಂಟೆಯೇ ಸರಿ. ಹತ್ತು ಗಂಟೆ ಸೈರನ್ ಕೇಳಿದ ಮನುಷ್ಯನ ಕೈಗೆ ಹನ್ನೊಂದನೇ ಗಂಟೆಯಲ್ಲಿ ಸೂಜಿ ಕೊಡಬಾರದು. ಇದರ ಮೇಲೆ ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಸರ್ವಿಸ್. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರದ ಪ್ಯಾಡ್‌ಗಳನ್ನು ಒಂದು ಸಲವೂ ಬಳಸದಿದ್ದರೂ ಅವುಗಳ ಅವಧಿ ಮುಗಿಯುತ್ತದೆ. ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿ ತೆರೆದ ದಿನದಿಂದಲೇ ಹಾಳಾಗೋಕೆ ಶುರು. ಆಕ್ಸಿಜನ್ ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ಒತ್ತಡ ತಾಳುತ್ತಾ ಅನ್ನೋ ಪರೀಕ್ಷೆ) ಆಗಬೇಕು. ವ್ಯಾನ್ ಕೊಡೋದು ಒಂದು ದಿನದ ಖರ್ಚು, ಇದೆಲ್ಲ ಪ್ರತಿ ತಿಂಗಳ ಖರ್ಚು.

ಇಷ್ಟು ಹೇಳಿದರೆ ದಾನಿಗಳು ತಲೆ ಆಡಿಸುತ್ತಾರೆ. ಆದರೂ ವ್ಯಾನೇ ಬೇಕು ಅನ್ನುತ್ತಾರೆ. ಅವರ ಮನಸ್ಸಲ್ಲಿರುವ ಚಿತ್ರ ಟ್ರಾಫಿಕ್‌ನದ್ದು. ಸಿಲ್ಕ್ ಬೋರ್ಡ್‌ನಲ್ಲಿ ಸೈರನ್ ಹಾಕಿಕೊಂಡು ನಿಂತ ಆಂಬುಲೆನ್ಸ್ ನೋಡದ ಬೆಂಗಳೂರಿಗರು ಯಾರಿದ್ದಾರೆ? ವ್ಯಾನ್ ಜಾಸ್ತಿ ಆದರೆ ಬೇಗ ಬರುತ್ತೆ ಅನ್ನೋದು ಸಹಜವಾದ ಯೋಚನೆ. ಅರ್ಧ ನಿಜವೂ ಹೌದು.

ಇನ್ನರ್ಧ ಗೊತ್ತಾಗಬೇಕಾದರೆ ಟ್ರಿಪ್ ಶೀಟ್ ನೋಡಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಕೊಡುವುದು ಅದನ್ನೇ. ಕರೆ ಬಂದದ್ದು ಎಷ್ಟೊತ್ತಿಗೆ, ವ್ಯಾನ್ ಹೊರಟದ್ದು ಎಷ್ಟೊತ್ತಿಗೆ, ಜಾಗ ತಲುಪಿದ್ದು, ರೋಗಿ ಹತ್ತಿರ ಹೋದದ್ದು, ಅಲ್ಲಿಂದ ಬಿಟ್ಟದ್ದು, ಆಸ್ಪತ್ರೆ ಸೇರಿದ್ದು, ಮತ್ತೆ ಫ್ರೀ ಆದದ್ದು. ಎಲ್ಲರೂ ನೋಡುವುದು ಮೊದಲ ಮೂರು ಕಾಲಂ ಮಾತ್ರ. ವರದಿಗೆ ಹೋಗುವುದೂ ಅವೇ, ಪೇಪರಿನಲ್ಲಿ ಬರುವುದೂ ಅವೇ. ನಾನು ಕೊನೆಯಿಂದ ಹಿಂದಕ್ಕೆ ಓದು ಅನ್ನುತ್ತೇನೆ.

"ಜಾಗ ತಲುಪಿದ್ದು" ಮತ್ತು "ರೋಗಿ ಹತ್ತಿರ ಹೋದದ್ದು", ಇವೆರಡೂ ಬೇರೆ ಬೇರೆ ಕಾಲಂ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಂದು ಸಲ ನಿಂತು ನೋಡಿದರೆ ಸಾಕು. ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು "ಯಾವ ಫ್ಲ್ಯಾಟು? ಎಂಟ್ರಿ ಮಾಡಿ" ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ, ಹಾಗೆ ಹೇಳಿಕೊಟ್ಟಿದ್ದಾರೆ. ಆಮೇಲೆ ಲಿಫ್ಟ್. ಸ್ಟ್ರೆಚರ್ ಅದರೊಳಗೆ ಹಿಡಿಸಲ್ಲ. ನಿಲ್ಲಿಸಿಕೊಂಡು ಇಳಿಸೋಣ ಅಂದರೆ ಎದೆನೋವಿನ ರೋಗಿಯನ್ನು ನಿಲ್ಲಿಸುವ ಹಾಗಿಲ್ಲ. ಮೆಟ್ಟಿಲ ಮೇಲೆ ಇಳಿಸೋಕೆ ಮಡಚುವ ಕುರ್ಚಿ ಬರುತ್ತದೆ, ಬೆಲ್ಟ್ ಕಟ್ಟಿ ಇಬ್ಬರು ಹಿಡಿದು ಇಳಿಸಬಹುದು. ಅದನ್ನು ಕೊಡಿಸೋಕೆ ನಮಗೆ ಕಷ್ಟವಾಗಲಿಲ್ಲ, ವ್ಯಾನಿನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ. ಚಿಕ್ಕಪೇಟೆ, ಬಳೇಪೇಟೆ ಕಡೆಯ ಸಂದಿಗಳಲ್ಲೂ ಅದೇ ಕುರ್ಚಿ ಉಪಯೋಗಕ್ಕೆ ಬರುತ್ತಿದೆ. ಅಲ್ಲಿ ವ್ಯಾನ್ ಮುಖ್ಯರಸ್ತೆಯಲ್ಲೇ ನಿಲ್ಲಬೇಕು, ಉಳಿದದ್ದು ನಡಿಗೆ. ಇಂಥ ಜಾಗಗಳನ್ನು ನೆನೆದರೆ, 2015ರಲ್ಲಿ ಬೆಂಗಳೂರಿಗೆ ಬೈಕ್ ಆಂಬುಲೆನ್ಸ್ ಬಂದದ್ದು ಯಾಕೆ ಅಂತ ತಾನಾಗೇ ಅರ್ಥವಾಗುತ್ತದೆ.

ಈಗ ಕೊನೆಯ ಕಾಲಂಗೆ ಬರುತ್ತೇನೆ. ಆಸ್ಪತ್ರೆ ಸೇರಿದ ಮೇಲೆ ಫ್ರೀ ಆಗೋವರೆಗಿನ ಸಮಯ. ಹೊರಗಿನವರ ಲೆಕ್ಕದಲ್ಲಿ ಆಸ್ಪತ್ರೆ ಗೇಟು ಮುಟ್ಟಿದರೆ ಆಂಬುಲೆನ್ಸ್ ಕೆಲಸ ಮುಗಿಯಿತು. ಟ್ರಿಪ್ ಶೀಟ್ ಹೇಳುವುದೇ ಬೇರೆ. ಜನಜಂಗುಳಿಯ ದಿನಗಳಲ್ಲಿ ರಸ್ತೆಯಲ್ಲಿ ಕಳೆದದ್ದಕ್ಕಿಂತ ಹೆಚ್ಚು ಹೊತ್ತು ಕ್ಯಾಶುಯಲ್ಟಿ ಬಾಗಿಲಲ್ಲಿ ಕಳೆದುಹೋಗಿರುತ್ತದೆ.

ಯಾಕೆ ಅಂತ ನೋಡೋಕೆ ಒಂದು ರಾತ್ರಿ ವ್ಯಾನಿನಲ್ಲಿ ಹೋದೆ. ಆಸ್ಪತ್ರೆಯ ಹೆಸರು ಬೇಡ. ಸ್ಕೂಟರಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಮಧ್ಯವಯಸ್ಸಿನವರೊಬ್ಬರು. ಕಾಲಿಗೆ ಸ್ಪ್ಲಿಂಟ್ ಹಾಕಿ, ಡ್ರಿಪ್ ಹಚ್ಚಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇಟ್ಟು ಕರೆತಂದಿದ್ದೆವು. ನಮ್ಮ ಇಎಂಟಿ ಬಾಟಲಿಯನ್ನು ಎತ್ತಿ ಹಿಡಿದು ಕೇಳಿದಳು, "ಸಿಸ್ಟರ್, ಒಂದು ಟ್ರಾಲಿ ಬೇಕಿತ್ತು."

"ಎಕ್ಸ್‌ರೇಗೆ ಹೋಗಿದೆ, ಬರುತ್ತೆ ಇರಿ."

ಇದ್ದೆವು. ಟ್ರಾಲಿ ಬರಲಿಲ್ಲ. ರೋಗಿ ಮಲಗಿದ್ದದ್ದು ವ್ಯಾನಿನ ಸ್ಟ್ರೆಚರ್ ಮೇಲೆ. ಅದನ್ನು ಬಿಟ್ಟು ವ್ಯಾನ್ ಹೋಗುವ ಹಾಗಿಲ್ಲ, ಮುಂದಿನ ರೋಗಿಯನ್ನು ಮಲಗಿಸೋದು ಯಾವುದರ ಮೇಲೆ? ಆಕ್ಸಿಜನ್ ಕೂಡ ವ್ಯಾನಿನದ್ದೇ, ನಮ್ಮ ಸಿಲಿಂಡರಿಗೇ ಪೈಪ್ ಹಾಕಿತ್ತು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ, 15 ಬಿಟ್ಟರೆ ನೂರು ನಿಮಿಷ, ಅಷ್ಟೇ. ಆಸ್ಪತ್ರೆಯ ಅಂಗಳದಲ್ಲೇ ನಿಂತು ನಾವು ಮುಂದಿನ ರೋಗಿಯ ಆಕ್ಸಿಜನ್ ಖಾಲಿ ಮಾಡುತ್ತಿದ್ದೆವು. ಈ ಮಧ್ಯೆ ಕಂಟ್ರೋಲ್ ರೂಮಿನಿಂದ ಫೋನ್, "ಫ್ರೀ ಆದ್ರಾ? ನಾಯಂಡಹಳ್ಳಿ ಹತ್ತಿರ ಇನ್ನೊಂದು ಕೇಸಿದೆ."

ಪೈಲಟ್ ಅಣ್ಣನಿಗೆ ಇದೆಲ್ಲ ಹೊಸದಲ್ಲ. "ಬನ್ನಿ ಮೇಡಂ, ಬೇಟೆಗೆ ಹೋಗೋಣ" ಅಂದರು. ಎಕ್ಸ್‌ರೇ ಕೋಣೆಯ ಹೊರಗೆ ಒಂದು ಟ್ರಾಲಿ ಇತ್ತು, ಅದರ ಮೇಲೆ ಬೇರೆ ರೋಗಿ. ಇನ್ನೊಂದು ವಾರ್ಡಿನ ಬಾಗಿಲಲ್ಲಿತ್ತು, ಮುಂದಿನ ಚಕ್ರ ಕಿತ್ತುಬಂದು ಮೂರು ಕಾಲಿನ ಮೇಲೆ ವಾಲಿಕೊಂಡಿತ್ತು. ಮೂರನೆಯದು ಸಿಕ್ಕಿದ್ದು ಮೆಟ್ಟಿಲ ಕೆಳಗೆ. ಚಕ್ರ ಸರಿಯಾಗಿತ್ತು, ಮೇಲೆ ಒಗೆಯಲು ಹೋಗಬೇಕಾದ ಬೆಡ್‌ಶೀಟುಗಳ ರಾಶಿ. ಗಂಟನ್ನು ಕೆಳಗಿಳಿಸಿ, ಸ್ಪಿರಿಟ್ ಹಾಕಿ ಒರೆಸಿ, ತಳ್ಳಿಕೊಂಡು ಬಂದೆವು. ರೋಗಿಯನ್ನು ಬದಲಾಯಿಸೋಕೆ ಹಿಡಿದದ್ದು ಕ್ಷಣಮಾತ್ರ. ಅಲ್ಲಿಯವರೆಗೆ ಕಾದದ್ದು ಬರೀ ನಾಲ್ಕು ಚಕ್ರದ ಒಂದು ಕಬ್ಬಿಣದ ಮಂಚಕ್ಕೆ.

ಡಾಕ್ಟರ್, ಸಿಸ್ಟರ್ ಯಾರನ್ನೂ ಬೈಯೋಕೆ ಮನಸ್ಸು ಬರಲ್ಲ. ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಎದೆನೋವಾದರೆ ಜಯದೇವ, ಸುಟ್ಟರೆ ವಿಕ್ಟೋರಿಯಾ ಅಂತ ಇಡೀ ಊರಿಗೆ ಬಾಯಿಪಾಠ. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಎಷ್ಟು ಟ್ರಾಲಿ ಇದ್ದರೂ ಸಾಲಲ್ಲ.

ಹಾಗಾಗಿ ಆ ವರ್ಷ ಒಂದು ಕಂಪನಿ ಆಂಬುಲೆನ್ಸ್ ಕೊಡ್ತೀವಿ ಅಂತ ಬಂದಾಗ ನಾವು ಟ್ರಾಲಿ ಕೊಡಿ ಅಂದೆವು. ಕ್ಯಾಶುಯಲ್ಟಿ ಬಾಗಿಲ ಪಕ್ಕ ಟ್ರಾಲಿಗಳ ಒಂದು ಸಾಲು. ವ್ಯಾನ್ ಬಂದ ತಕ್ಷಣ ರೋಗಿಯನ್ನು ಅದಕ್ಕೆ ಬದಲಾಯಿಸಿ, ಖಾಲಿ ಸ್ಟ್ರೆಚರ್ ತಗೊಂಡು ಹೊರಡುವುದು. ಅಡುಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. ಒಂದು ವ್ಯಾನ್ ಬೇಗ ಫ್ರೀ ಆದರೆ, ಅದೇ ಪಾಳಿಯಲ್ಲಿ ಇನ್ನೊಂದು ಕೇಸಿಗೆ ಹೋಗುತ್ತದೆ. ಹೊಸ ವ್ಯಾನು ಬೇಡ, ಹೊಸ ಪೈಲಟ್ ಬೇಡ.

ಮೀಟಿಂಗಿನಲ್ಲಿ ಕಂಪನಿಯವರ ಮುಖ ಸಪ್ಪೆಯಾಯಿತು. ಅವರ ಸೀನಿಯರ್ ಒಬ್ಬರು ನೇರವಾಗಿ ಕೇಳಿದರು, "ಟ್ರಾಲಿ ಮೇಲೆ ನಮ್ಮ ಹೆಸರು ಎಲ್ಲಿ ಹಾಕ್ತೀರಿ?" ಪ್ರಾಮಾಣಿಕವಾದ ಪ್ರಶ್ನೆ, ನಗೋಕೆ ಹೋಗಬಾರದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಖರ್ಚು ಮಾಡಿದ್ದನ್ನು ಬೋರ್ಡಿಗೆ ತೋರಿಸಬೇಕು. ಆಂಬುಲೆನ್ಸ್ ತೋರಿಸೋದು ಸುಲಭ, ಕಡಿಮೆಯಾದ ನಿಮಿಷಗಳನ್ನು ಹೇಗೆ ತೋರಿಸೋದು? ನಾವು ಟ್ರಿಪ್ ಶೀಟಿನ ಕೊನೆಯ ಕಾಲಂ ತೋರಿಸಿದೆವು. ಟ್ರಾಲಿ ಬರುವ ಮುಂಚಿನದ್ದು ಇದು, ಬಂದ ಮೇಲಿನದ್ದನ್ನು ಮೂರು ತಿಂಗಳಿಗೊಮ್ಮೆ ಕಳಿಸುತ್ತೇವೆ ಅಂದೆವು. ಒಪ್ಪಿದರು. ಹೆಸರನ್ನು ತಲೆಯ ಕಡೆಯ ಪಟ್ಟಿಯ ಮೇಲೆ ಹಾಕಿಸಿದೆವು, ಚಿಕ್ಕದಾಗಿ.

ಆಮೇಲೆ ಬಂದದ್ದು ನಿಜವಾದ ತಲೆನೋವು. ಸರ್ಕಾರಿ ಆಸ್ಪತ್ರೆಗೆ ಏನನ್ನಾದರೂ ಬರೆದುಕೊಟ್ಟರೆ ಅದು ಸ್ಟಾಕ್ ರಿಜಿಸ್ಟರಿಗೆ ಹೋಗುತ್ತದೆ. ಆಮೇಲೆ ಅದರ ಒಂದು ಚಕ್ರ ಕೆಟ್ಟರೂ ಹೊರಗಿನವರು ಕೈ ಹಾಕುವಂತಿಲ್ಲ, ಫೈಲ್ ಓಡಬೇಕು. ಮೂರು ಕಾಲಿನ ಟ್ರಾಲಿ ವರ್ಷಗಟ್ಟಲೆ ವಾರ್ಡಿನ ಬಾಗಿಲಲ್ಲಿ ನಿಲ್ಲುವುದು ಹೀಗೆ. ನಮ್ಮ ಅಕೌಂಟೆಂಟ್ ಒಂದು ದಾರಿ ಹುಡುಕಿದರು. 2021ರ ಜನವರಿಯಲ್ಲಿ ತಿದ್ದಿದ ಸಿಎಸ್‌ಆರ್ ನಿಯಮಗಳ ಪ್ರಕಾರ, ಆ ದುಡ್ಡಿನಲ್ಲಿ ಕೊಂಡ ಆಸ್ತಿ ಕಂಪನಿಯ ಹೆಸರಲ್ಲಿ ಇರಬಾರದು. ಆದರೆ ಸಿಎಸ್‌ಆರ್ ನೋಂದಣಿ ಇರುವ ಸಾರ್ವಜನಿಕ ಟ್ರಸ್ಟಿನ ಹೆಸರಲ್ಲಿ ಇರಬಹುದು. ಹಾಗಾಗಿ ಟ್ರಾಲಿಗಳು ನಮ್ಮ ಪುಸ್ತಕದಲ್ಲೇ ಉಳಿದವು. ಆಸ್ಪತ್ರೆಗೆ ಬಳಸೋಕೆ ಕೊಟ್ಟಿದ್ದೇವೆ ಅಂತ ಒಂದು ಪತ್ರ, ಅಷ್ಟೇ. ಚಕ್ರ ಕೆಟ್ಟರೆ ನಮ್ಮ ಮೆಕ್ಯಾನಿಕ್ ಹೋಗಿ ಬೇರಿಂಗ್ ಬದಲಾಯಿಸಿ ಬರುತ್ತಾರೆ.

ಟ್ರಾಲಿಗಳಿಗೆ ಗಾಢ ಕಿತ್ತಳೆ ಬಣ್ಣ ಹೊಡೆಸಿದ್ದೂ ಸುಮ್ನೆ ಅಲ್ಲ. ಆಸ್ಪತ್ರೆಯೊಳಗೆ ಟ್ರಾಲಿಗೆ ಕಾಲು ಬರುತ್ತವೆ. ಬೆಳಿಗ್ಗೆ ಕ್ಯಾಶುಯಲ್ಟಿಯಲ್ಲಿ ಇದ್ದದ್ದು ಸಂಜೆ ಹೊತ್ತಿಗೆ ಸ್ಟೋರಿನಲ್ಲಿ ಸಲೈನ್ ಡಬ್ಬ ಹೊತ್ತಿರುತ್ತದೆ. ಬಣ್ಣ ಬೇರೆಯಾದರೆ ದೂರದಿಂದಲೇ ಗುರುತು ಸಿಗುತ್ತದೆ. ಆದರೂ ಹೋಗುತ್ತವೆ. ಕೊನೆಗೆ ಪ್ರತಿ ಪಾಳಿಯಲ್ಲೂ ಅವನ್ನು ಹುಡುಕಿ ತಂದು, ಒರೆಸಿ, ಸಾಲಾಗಿ ನಿಲ್ಲಿಸೋಕೆ ಒಬ್ಬರನ್ನು ಇಟ್ಟೆವು. ಇಡೀ ಯೋಜನೆ ನಿಂತಿರುವುದು ಅವರ ಮೇಲೆ. ಮತ್ತೆ ದಾನಿಗಳು ಕೊಡೋಕೆ ಒಪ್ಪದ ಖರ್ಚೂ ಅದೊಂದೇ. ಟ್ರಾಲಿ ಕೊಡ್ತೀವಿ, ಸಂಬಳ ಕೊಡಲ್ಲ ಅನ್ನುತ್ತಾರೆ.

ಇಂಥ ವಾದ ಬಂದಾಗ ನಾನು ಅಮೆರಿಕದ ಪಿಟ್ಸ್‌ಬರ್ಗ್‌ನ ಫ್ರೀಡಂ ಹೌಸ್ ಆಂಬುಲೆನ್ಸ್ ಕಥೆ ಹೇಳುತ್ತೇನೆ. 1967ರ ಸುಮಾರಿಗೆ ಅಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಹೆಚ್ಚಾಗಿ ಒಯ್ಯುತ್ತಿದ್ದದ್ದು ಪೊಲೀಸರ ಗಾಡಿ. ಹಿಲ್ ಡಿಸ್ಟ್ರಿಕ್ಟ್ ಅನ್ನೋ ಕಪ್ಪುಜನರ ಬಡಾವಣೆಯಿಂದ ಕರೆ ಹೋದರೆ ಆ ಗಾಡಿ ಬರುತ್ತೆ ಅನ್ನೋ ಖಾತರಿಯೂ ಇರಲಿಲ್ಲ. ಮಾರಿಸ್ ಫಾಕ್ ಮೆಡಿಕಲ್ ಫಂಡ್ ಅನ್ನೋ ದತ್ತಿ ಸಂಸ್ಥೆ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸುವ ವಿಧಾನ) ರೂಪಿಸಿದವರಲ್ಲಿ ಒಬ್ಬರಾದ ಡಾಕ್ಟರ್ ಪೀಟರ್ ಸಫಾರ್ ಮತ್ತು ಅದೇ ಬಡಾವಣೆಯ ಒಂದು ಸಂಘ ಸೇರಿದವು. ಕೆಲಸವಿಲ್ಲದೆ ಕೂತಿದ್ದ ಹುಡುಗರನ್ನು ಆರಿಸಿ ಸುಮಾರು 300 ಗಂಟೆ ತರಬೇತಿ ಕೊಟ್ಟವು. ಅವರಿಂದ ಅಮೆರಿಕದ ಮೊದಮೊದಲ ಪ್ಯಾರಾಮೆಡಿಕ್‌ಗಳ ಒಂದು ತಂಡ ತಯಾರಾಯಿತು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿ ಅದನ್ನು ಮುಚ್ಚಿತು, ಅದು ಇನ್ನೊಂದು ಬೇಜಾರಿನ ಕಥೆ. ನಾನು ದಾನಿಗಳಿಗೆ ತೋರಿಸುವುದು ಆ 300 ಗಂಟೆಯನ್ನು. ದತ್ತಿಯ ದುಡ್ಡು ಮನುಷ್ಯರ ಕೈಗೆ ಬಿದ್ದಾಗ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕೆಲವರು ಕೇಳುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ.

ನಮ್ಮ ತರಬೇತಿಯೂ ಟ್ರಿಪ್ ಶೀಟ್ ನೋಡಿದ ಮೇಲೆ ಬದಲಾಯಿತು. ವ್ಯಾನ್ ಬರುವ ಮುಂಚಿನ ನಿಮಿಷಗಳು ನಮ್ಮ ಕೈಯಲ್ಲಿಲ್ಲ, ಅಲ್ಲಿರುವ ಜನರ ಕೈಯಲ್ಲಿವೆ. ಈಗ ಆಟೋ ಸ್ಟ್ಯಾಂಡ್‌ಗಳಲ್ಲಿ, ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರಿಗೆ ಸಿಪಿಆರ್ ಕಲಿಸುತ್ತೇವೆ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆದರೂ ಒಳಗೆ ಹೋಗುವಂತೆ ಒತ್ತಬೇಕು. ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿದವರು ಏದುಸಿರು ಬಿಡುತ್ತಾರೆ, ಆಗ ಇನ್ನೊಬ್ಬರು ಯಾಕೆ ಬೇಕು ಅಂತ ಹೇಳೋದೇ ಬೇಡ. ಆದರೆ ಅವರೆಲ್ಲ ಮೊದಲು ಕೇಳುವುದು ಸಿಪಿಆರ್ ಬಗ್ಗೆ ಅಲ್ಲ, "ಸಾಕ್ಷಿ ಅಂತ ಸ್ಟೇಷನ್ನಿಗೆ ಅಲೆಸಲ್ವಾ?" ಅಂತ. ಕರ್ನಾಟಕಕ್ಕೆ ಇದಕ್ಕಾಗಿಯೇ 2016ರ ಕಾಯ್ದೆ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಸೇರಿಸಿದ್ದಾರೆ. ಒಳ್ಳೇ ಮನಸ್ಸಿಂದ ಸಹಾಯ ಮಾಡಿದವರ ಮೇಲೆ ಕೇಸಿಲ್ಲ, ಹೆಸರು ಹೇಳು ಅಂತ ಬಲವಂತವೂ ಇಲ್ಲ. ಇದನ್ನು ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕೊಡುತ್ತೇವೆ. ಆಟೋದವರು ಅದನ್ನು ಡಿಎಲ್ ಜೊತೆಯಲ್ಲೇ ಇಟ್ಟುಕೊಳ್ಳುತ್ತಾರೆ.

ಸೆಕ್ಯುರಿಟಿಯವರಿಗೆ ಇನ್ನೊಂದು ಮಾತು: ಆಂಬುಲೆನ್ಸ್ ಬಂದರೆ ರಿಜಿಸ್ಟರ್ ಆಮೇಲೆ. ಒಬ್ಬರು ಗೇಟ್ ತೆಗೆಯಿರಿ, ಒಬ್ಬರು ಲಿಫ್ಟನ್ನು ಕೆಳಗೆ ಹಿಡಿದು ನಿಲ್ಲಿ. ಅಸೋಸಿಯೇಷನ್‌ನವರು ಒಪ್ಪಿ ನೋಟಿಸ್ ಹಾಕಿದ ಕಡೆ ಇದು ನಡೆಯುತ್ತಿದೆ.

ಟ್ರಾಲಿ ನೋಡಿಕೊಳ್ಳುವವರ ಸಂಬಳಕ್ಕೆ ಈ ವರ್ಷವೂ ದಾನಿಗಳು ಸಿಕ್ಕಿಲ್ಲ. ಸದ್ಯಕ್ಕೆ ತರಬೇತಿ ಫೀಸಿನಿಂದ ಬಂದದ್ದರಲ್ಲಿ ಹೊಂದಿಸುತ್ತಿದ್ದೇವೆ. ಇನ್ನೊಂದು ಆಸ್ಪತ್ರೆಯವರು ನಮಗೂ ಬೇಕು ಅಂದಿದ್ದಾರೆ. ಅಲ್ಲಿನ ಕ್ಯಾಶುಯಲ್ಟಿ ಬಾಗಿಲು ಹಳೇ ಕಾಲದ್ದು, ಕಿರಿದು. ನಮ್ಮ ಟ್ರಾಲಿ ಒಳಗೆ ತಿರುಗುತ್ತೋ ಇಲ್ಲವೋ ಅಂತ ಸೋಮವಾರ ಮೆಕ್ಯಾನಿಕ್ ಜೊತೆ ಹೋಗಿ ಟೇಪ್ ಹಿಡಿದು ಅಳೆದು ಬರಬೇಕು.